ಒಳ್ಳೆಯ ಹುಡುಗನ ಬೇಲಿ

ಕುಣಿಗಲ್ ಕಡೆಯಿಂದಲೋ ಗುಬ್ಬಿ ಕಡೆಯಿಂದಲೋ ಪಿಯುಸಿ ಓದಲು ತುಮಕೂರಿಗೆ ಬರುವ ಹುಡುಗನ ಕೈಯಲ್ಲಿ ಎರಡು ಕಾಗದ ಇರುತ್ತವೆ. ಹಗಲು ಯಾವ ಕಾಲೇಜಿನಲ್ಲಿ ಕೂರುತ್ತಾನೆ ಎಂಬುದನ್ನು ಮಾರ್ಕ್ಸ್ ಕಾರ್ಡು ಹೇಳುತ್ತದೆ. ರಾತ್ರಿ ಯಾರ ಪಕ್ಕದಲ್ಲಿ ಮಲಗುತ್ತಾನೆ ಎಂಬುದನ್ನು ಬಹುಮಟ್ಟಿಗೆ ಹೇಳುವುದು ಜಾತಿ ಪ್ರಮಾಣಪತ್ರ. ಸಮಾಜ ಕಲ್ಯಾಣ ಇಲಾಖೆಯದು ಒಂದು ಹಾಸ್ಟೆಲ್, ಹಿಂದುಳಿದ ವರ್ಗಗಳದು ಇನ್ನೊಂದು, ಅಲ್ಪಸಂಖ್ಯಾತರದು ಮತ್ತೊಂದು. ಸಮುದಾಯದವರು ಕಟ್ಟಿಕೊಂಡವು ಬೇರೆ. ಇವನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಈ ಸೂರುಗಳಿಲ್ಲದಿದ್ದರೆ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಒಬ್ಬ ಪದವೀಧರನೂ ಇರುತ್ತಿರಲಿಲ್ಲ. ಆದರೂ ಹದಿನಾರರ ವಯಸ್ಸಿನಲ್ಲಿ ಸಿಗಬೇಕಾಗಿದ್ದ ಬೇರೆ ಕೇರಿಯ, ಬೇರೆ ಧರ್ಮದ ಗೆಳೆಯ ಆ ಕಾಗದದ ದೆಸೆಯಿಂದ ಕೈತಪ್ಪಿಹೋಗುತ್ತಾನೆ.

ಇಂಥ ಹುಡುಗನಲ್ಲಿ ಬೇರೆಯವರ ಬಗ್ಗೆ ತಾತ್ಸಾರ ಕಂಡರೆ ಸಂಸ್ಕಾರ ಸಾಲದು ಎನ್ನುತ್ತೇವೆ, ನೀತಿಪಾಠದ ಪಿರಿಯಡ್ ಹೆಚ್ಚಿಸಿ ಎನ್ನುತ್ತೇವೆ. ನನಗೇಕೋ ಇದು ತಿರುವುಮುರುವಾಗಿ ಕಾಣುತ್ತದೆ. ಹಿರಿಯರ ಮಾತು ಮೀರದ, ಮನೆಯ ಮರ್ಯಾದೆ ಕಾಯುವ, ಹಬ್ಬಹರಿದಿನ ತಪ್ಪಿಸದ ಹುಡುಗನನ್ನೇ ಅಲ್ಲವೇ ನಾವು ಒಳ್ಳೆಯವನು ಎಂದು ಬೆನ್ನು ತಟ್ಟುವುದು? ತನ್ನವರಿಗಾಗಿ ಜೀವ ಕೊಡಲೂ ಸಿದ್ಧನಿರುವ ಇಂಥವನೇ ಎಷ್ಟೋ ಸಲ ಪಕ್ಕದ ಬೀದಿಯವನನ್ನು ಸಂಶಯದಿಂದ ನೋಡುತ್ತಾನೆ. ಅವನಲ್ಲಿ ಮೌಲ್ಯಗಳಿಗೆ ಬರವಿಲ್ಲ. ಅವು ತನ್ನವರ ಬೇಲಿ ದಾಟುವುದಿಲ್ಲ, ಅಷ್ಟೇ.

ಮನಶ್ಶಾಸ್ತ್ರಜ್ಞ ಷಲೋಮ್ ಶ್ವಾರ್ಟ್ಜ್ 1992ರಲ್ಲಿ ಮನುಷ್ಯರ ಮೂಲ ಮೌಲ್ಯಗಳನ್ನು ಹತ್ತು ಬಗೆಯಾಗಿ ವಿಂಗಡಿಸಿದರು. ಹತ್ತಿರದವರ ಹಿತ ಕಾಯುವುದನ್ನೂ ಎಲ್ಲರ ಹಿತ ಬಯಸುವುದನ್ನೂ ಅವರು ಒಂದೇ ಮೌಲ್ಯವೆಂದು ಎಣಿಸಲಿಲ್ಲ, ಎರಡು ಬೇರೆ ಮೌಲ್ಯಗಳಾಗಿಯೇ ಇಟ್ಟರು. 1995ರಲ್ಲಿ ಲಿಲಾಖ್ ಸಾಗಿವ್ ಜೊತೆ ಸೇರಿ, ಅರಬರೊಂದಿಗೆ ಒಡನಾಡಲು ಇಸ್ರೇಲಿನ ಯಹೂದಿ ಶಿಕ್ಷಕರು ಎಷ್ಟು ಸಿದ್ಧರಿದ್ದಾರೆ ಎಂದು ನೋಡಿದರು. ಎಲ್ಲರ ಹಿತವನ್ನು ಮೇಲಿಟ್ಟವರು ಹೆಚ್ಚು ಸಿದ್ಧರಿದ್ದರು, ಸಂಪ್ರದಾಯವನ್ನು ಮೇಲಿಟ್ಟವರು ಹಿಂಜರಿದರು.

ಹಾಗಾದರೆ ಸಂಪ್ರದಾಯವೇ ಖಳನೇ? ಹಾಗೆಂದು ತೀರ್ಪು ಕೊಡಲು ತುಮಕೂರಿನಲ್ಲಿ ಕೂತವನಿಗೆ ಆಗುವುದಿಲ್ಲ, ಊರಿನ ಸಿದ್ಧಗಂಗಾ ಮಠ ಅಡ್ಡ ಬರುತ್ತದೆ. ಮಠ ಅಪ್ಪಟ ಲಿಂಗಾಯತ ಪರಂಪರೆಯದು. ಸಾಮೂಹಿಕ ಪ್ರಾರ್ಥನೆಯಿದೆ, ಶಿಸ್ತಿದೆ, ಗುರುವಿನ ಮಾತಿಗೆ ಎದುರಿಲ್ಲ. ಆದರೂ ಒಂದೇ ಕಾಲಕ್ಕೆ ಹತ್ತಿರ ಹತ್ತಿರ 10,000 ಮಕ್ಕಳು, ಮುಸ್ಲಿಂ ಮನೆಗಳವರೂ ಸೇರಿ, ಅಲ್ಲಿ ಒಂದೇ ಸಾಲಿನಲ್ಲಿ ಕೂತು ಮುದ್ದೆ ಉಂಡು ಓದಿದ್ದಾರೆ. 1941ರಿಂದ ಮಠ ನಡೆಸಿದ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಸುದ್ದಿ ಹೊರಬೀಳಲಿಲ್ಲ. ಅದು ಅವರದೇ ಇಚ್ಛೆಯಾಗಿತ್ತು. ದಾಸೋಹವೂ ಸಂಪ್ರದಾಯವೇ ತಾನೇ? ಬಡಿಸುವಾಗ ಯಾರ ಮಗ ಎಂದು ಕೇಳಕೂಡದು ಎನ್ನುವ ಸಂಪ್ರದಾಯ ಅದು. ಉಪದೇಶಕ್ಕಿಂತ ಆ ಊಟದ ಸಾಲೇ ಹೆಚ್ಚು ಕಲಿಸಿತು ಎಂಬುದು ನನ್ನ ಗುಮಾನಿ.

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇಂಥ ಒಡನಾಟಕ್ಕೆ ಕರಾರುಗಳನ್ನು ಹೇಳಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಮೇಲಿನವರ ಬೆಂಬಲ. ನಾಲ್ಕೂ ಇದ್ದರೆ ಪೂರ್ವಗ್ರಹ ಕರಗುತ್ತದೆ ಎಂಬುದು ಅವರ ವಾದ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯವರು ಇದನ್ನೆಲ್ಲ ಓದಿರಲಿಲ್ಲ. ಊರೂರಿಗೆ ಹೋಗಿ ಬಿಡಾರ ಹೂಡಿ, ರಾತ್ರಿ ಪರದೆ ಏಳಲೇಬೇಕು ಎಂದಾಗ ಪಾತ್ರಧಾರಿಗಳ ಜಾತಿ ತಾನಾಗಿ ಹಿಂದೆ ಸರಿದಿರಬೇಕು.

ಬರೀ ಒಟ್ಟಿಗೆ ಕೂತರೆ ಸಾಲದು. ಗುಬ್ಬಿ, ಕುಣಿಗಲ್‌ಗಳಿಂದ ಬೆಳಿಗ್ಗೆ ಬರುವ ಬಸ್ಸುಗಳಲ್ಲಿ ಎಲ್ಲ ಜಾತಿ ಧರ್ಮದವರೂ ಒತ್ತಿಕೊಂಡೇ ನಿಂತಿರುತ್ತಾರೆ, ಅದರಿಂದ ಯಾರ ಮನಸ್ಸೂ ಬದಲಾದಂತೆ ಕಾಣೆ. ತರಗತಿಯ ಬೆಂಚಿನ ಕಥೆಯೂ ಬೇರೆಯಲ್ಲ. 2022ರ ಫೆಬ್ರವರಿಯಲ್ಲಿ, ತರಗತಿಯೊಳಗೆ ಹಿಜಾಬ್ ಧರಿಸುವ ವಿವಾದ ಹಬ್ಬಿದ್ದಾಗ, ತುಮಕೂರಿನ ಎಂಪ್ರೆಸ್ ಕಾಲೇಜಿನ ಬಳಿ ಪ್ರತಿಭಟಿಸಿದ ವಿದ್ಯಾರ್ಥಿನಿಯರ ಮೇಲೆ ನಿಷೇಧಾಜ್ಞೆ ಮೀರಿದ್ದಕ್ಕೆ ಪ್ರಕರಣ ದಾಖಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು. ಕಾನೂನಿನ ಮಾತು ಅಲ್ಲಿರಲಿ. ಆ ದಿನಗಳಲ್ಲಿ ರಾಜ್ಯದ ಎಷ್ಟು ತರಗತಿಗಳಲ್ಲಿ, ಹೊರಗೆ ಉಳಿದ ಗೆಳತಿಗೆ ಪಕ್ಕದ ಬೆಂಚಿನ ಹುಡುಗಿ ನೋಟ್ಸ್ ಕಳಿಸಿದಳು? ನಾನಾದರೆ ಮೌಲ್ಯಶಿಕ್ಷಣದ ಪರೀಕ್ಷೆಗೆ ಈ ಒಂದೇ ಪ್ರಶ್ನೆ ಹಾಕುತ್ತಿದ್ದೆ. 2023ರಿಂದ ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಿದ್ದಾರೆ. ಒಳ್ಳೆಯದೇ. ಭ್ರಾತೃತ್ವ ಎಂದು ಒಕ್ಕೊರಲಿನಿಂದ ಹೇಳಿ ಮುಗಿಸಿದವರು ಸಂಜೆ ಮತ್ತೆ ತಂತಮ್ಮ ಹಾಸ್ಟೆಲ್‌ಗೆ ಹೋಗುತ್ತಾರೆ.

ಹಾಸ್ಟೆಲ್‌ಗಳನ್ನು ನಾಳೆಯೇ ಬೆರೆಸಿ ಎನ್ನುವ ಧೈರ್ಯ ಯಾವ ಸರ್ಕಾರಕ್ಕೂ ಇಲ್ಲ, ಅವಸರಕ್ಕೆ ಹಾಗೆ ಮಾಡಿದರೆ ಮೊದಲು ಜಾಗ ಕಳೆದುಕೊಳ್ಳುವವರು ಬಡವರೇ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರವಂತೂ ಕೈಯಲ್ಲೇ ಇದೆ. ಏಳು ದಿನ ಒಂದು ಹಳ್ಳಿ, ಒಂದು ಶಾಲೆಯ ಕೊಠಡಿ, ಒಂದು ಒಲೆ. ಆಲ್‌ಪೋರ್ಟ್ ಕೇಳಿದ ನಾಲ್ಕೂ ಅಲ್ಲಿ ಸಿಗುತ್ತವೆ. ಆದರೆ ತಂಡ ಕಟ್ಟುವ ಕೆಲಸ ಹುಡುಗರಿಗೇ ಬಿಟ್ಟರೆ ಹಾಸ್ಟೆಲ್ಲಿನ ಗುಂಪೇ ಅಲ್ಲಿಯೂ ಬಂದು ಕೂರುತ್ತದೆ. ಈ ವರ್ಷ ಅಡುಗೆಯ ತಂಡಗಳನ್ನು ಹಾಜರಿ ಪುಸ್ತಕದ ಕ್ರಮಸಂಖ್ಯೆಯಂತೆ ಮಾಡಿ, ಯಾರಿಗೂ ವಿನಾಯಿತಿ ಕೊಡಬೇಡಿ. ಜೊತೆಗೆ ಶಿಬಿರಾಧಿಕಾರಿಗಳು ಇನ್ನೊಂದು ಲೆಕ್ಕವನ್ನೂ ಬರೆದಿಡಲಿ: ಅನ್ನಕ್ಕೆ ಕೈ ಹಾಕಿದವರು ಯಾರು ಎಂದು ವಿಚಾರಿಸಲು ಮೊದಲ ದಿನ ಮನೆಗಳಿಂದ ಬಂದ ಫೋನ್ ಎಷ್ಟು, ಏಳನೆಯ ದಿನ ಎಷ್ಟು.