‘ಒಪ್ಪಾ’ ಅಂದರೆ ಬರೀ ಬ್ರದರ್ ಅಲ್ಲ!

ರಾತ್ರಿಯೆಲ್ಲ ನಿದ್ದೆಗೆಟ್ಟು ಕೊರಿಯಾ ಧಾರಾವಾಹಿ ನೋಡುವ ಗೆಳೆಯರೇ, ಒಂದು ಮಾತು ಕೇಳುತ್ತೇನೆ. ಆ ಪದಗಳ ಅರ್ಥವನ್ನು ನೀವು ಹುಡುಕುವುದು ಎಲ್ಲಿ? ಇಂಗ್ಲಿಷಿನಲ್ಲಿ! ತೆರೆಯ ಕೆಳಗೆ ಓಡುವ ಇಂಗ್ಲಿಷ್ ಸಾಲೇ ನಿಮಗೆ ವೇದವಾಕ್ಯ. ಆದರೆ ಎಷ್ಟೋ ಕಡೆ ಆ ಸಾಲೇ ತಡವರಿಸುತ್ತದೆ, ಗೊತ್ತೇ?

‘ಒಪ್ಪಾ’ ತೆಗೆದುಕೊಳ್ಳಿ. ತಂಗಿ ತನ್ನ ಅಣ್ಣನನ್ನು ಕರೆಯುವ ಪದ. ಅದೇ ಅಣ್ಣನನ್ನು ತಮ್ಮ ಕರೆದರೆ ‘ಹ್ಯೋಂಗ್’. ಅಕ್ಕನನ್ನು ತಂಗಿ ಕರೆದರೆ ‘ಒನ್ನಿ’, ತಮ್ಮ ಕರೆದರೆ ‘ನೂನಾ’. ಇಂಗ್ಲಿಷಿನ ಬಳಿ ಇರುವುದು ಬ್ರದರ್, ಸಿಸ್ಟರ್ ಎರಡೇ. ನನ್ನ ಪ್ರೆಸ್ಸಿಗೆ ಬರುವ ಮದುವೆ ಕರೆಯೋಲೆಗಳದ್ದೂ ಇದೇ ಪಾಡು. ಕನ್ನಡದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಗತ್ತಿನಿಂದ ನಿಂತವರೆಲ್ಲ ಇಂಗ್ಲಿಷ್ ಪುಟದಲ್ಲಿ ‘ಅಂಕಲ್’ ಆಗಿ ಕೂತುಬಿಡುತ್ತಾರೆ!

ಆದರೆ ಹುಷಾರು. ಕೊರಿಯಾದ ಹುಡುಗಿ ತನಗಿಂತ ದೊಡ್ಡವನಾದ ಪ್ರಿಯಕರನನ್ನೂ ಒಪ್ಪಾ ಅನ್ನುತ್ತಾಳೆ. ನಮ್ಮಲ್ಲಿ ಹುಡುಗಿ ‘ಅಣ್ಣಾ’ ಅಂದಳೋ, ಪ್ರೇಮ ಅಲ್ಲಿಗೇ ಕೈಲಾಸ!

‘ಉರಿ’ ಅಂದರೆ ನಮ್ಮ. ‘ಉರಿ ಒಮ್ಮಾ’ ನಮ್ಮಮ್ಮ. ಹೆಂಡತಿ ‘ಉರಿ ನಂಪ್ಯೋನ್’ ಅಂದರೆ ‘ನಮ್ಮ ಯಜಮಾನರು’. ಇದನ್ನು ಪದಕ್ಕೆ ಪದ ಇಟ್ಟು ‘ಅವರ್ ಹಸ್ಬೆಂಡ್’ ಅಂದರೆ ಇಂಗ್ಲಿಷಿನವನು ಬೆಚ್ಚಿಬೀಳುತ್ತಾನೆ. ನಮಗೆ ಅದರಲ್ಲಿ ಬೆಚ್ಚುವುದೇನಿದೆ?

ಗದ್ದೆಯಲ್ಲಿ ‘ಬ್ಯೋ’, ಚೀಲದಲ್ಲಿ ‘ಸಲ್’, ತಟ್ಟೆಯಲ್ಲಿ ‘ಬಾಪ್’. ನಮ್ಮ ಭತ್ತ, ಅಕ್ಕಿ, ಅನ್ನ! ಇಂಗ್ಲಿಷಿನಲ್ಲಿ ಎಲ್ಲಕ್ಕೂ ರೈಸ್. ಅವರ ‘ಪ್ಯಾಡಿ’ ಕೂಡ ಮಲಯ ಭಾಷೆಯಿಂದ ತಂದ ಸಾಲ. ‘ಬಾಪ್ ಮೊಗೊಸ್ಸೊಯೊ?’ ಅಂದರೆ ‘ಊಟ ಆಯ್ತಾ?’ ಅದು ಬರೀ ಊಟದ ಲೆಕ್ಕವಲ್ಲ, ಕ್ಷೇಮಸಮಾಚಾರ. ಇದನ್ನು ನಿಮಗೆ ಯಾರಾದರೂ ಬಿಡಿಸಿ ಹೇಳಬೇಕೇ?

ಹಾಗೆಂದು ಕನ್ನಡ, ಕೊರಿಯನ್ ಒಂದೇ ತಾಯಿಯ ಮಕ್ಕಳೆಂದು ಡಂಗುರ ಹೊಡೆಯಬೇಡಿ. ವಂಶ ಬೇರೆ, ಬದುಕಿನ ರೀತಿಯಲ್ಲಿ ಹತ್ತಿರ, ಅಷ್ಟೇ.

ಇಂಗ್ಲಿಷಿನವರೂ ಕೊನೆಗೆ ಸೋಲೊಪ್ಪಿಕೊಂಡರು. 2021ರಲ್ಲಿ ಆಕ್ಸ್‌ಫರ್ಡ್ ನಿಘಂಟು 26 ಕೊರಿಯನ್ ಮೂಲದ ಪದಗಳನ್ನು ಒಮ್ಮೆಗೇ ಸೇರಿಸಿಕೊಂಡಿತು. ಒಪ್ಪಾ, ಒನ್ನಿ, ನೂನಾ ಅದರಲ್ಲಿವೆ. ಹ್ಯೋಂಗ್ 2024ರಲ್ಲಿ ಸೇರಿತು. ‘ಫೈಟಿಂಗ್’ ಕತೆ ಇನ್ನೂ ಸ್ವಾರಸ್ಯ. ಇಂಗ್ಲಿಷಿನಿಂದ ಹೋದ ಪದ, ಕೊರಿಯಾದಲ್ಲಿ ‘ಗೆದ್ದು ಬಾ’ ಎಂಬ ಹುರಿದುಂಬಿಕೆಯಾಗಿ, ಹೊಸ ಅರ್ಥ ಹೊತ್ತು ಅದೇ ನಿಘಂಟಿಗೆ ವಾಪಸಾಯಿತು!

ಈ ಗೌರವ ಬಿಟ್ಟಿ ಸಿಕ್ಕಿದ್ದಲ್ಲ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಹಿಡಿತದಲ್ಲಿತ್ತು. ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಓಡಿಸಿದರು. ತಮ್ಮ ನುಡಿಗೆ ನಿಘಂಟು ಕಟ್ಟುತ್ತಿದ್ದ ವಿದ್ವಾಂಸರನ್ನು 1942ರಲ್ಲಿ ಹಿಡಿದು ಸೆರೆಗೆ ತಳ್ಳಿದರು. ಇಬ್ಬರು ಸೆರೆಮನೆಯಲ್ಲೇ ಸತ್ತರು. ವಶಪಡಿಸಿಕೊಂಡಿದ್ದ ಹಸ್ತಪ್ರತಿ 1945ರಲ್ಲಿ ಸೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು. ಮೊದಲ ಸಂಪುಟ ಅಚ್ಚಾದದ್ದು 1947ರಲ್ಲಿ, ಆರನೆಯದೂ ಕೊನೆಯದೂ 1957ರಲ್ಲಿ. ಅಚ್ಚಿನ ಮನೆಯವನಾದ ನನಗೆ ಆ ಗೋದಾಮಿನ ಕಾಗದದ ಕಟ್ಟು ನೆನೆದರೆ ಮೈ ಜುಮ್ಮೆನ್ನುತ್ತದೆ.

ಗೆಳೆಯರೇ, ಕೊರಿಯನ್ ಖಂಡಿತ ಕಲಿಯಿರಿ. ಆದರೆ ಇಂಗ್ಲಿಷಿನ ಮನೆ ಬಳಸಿಕೊಂಡು ಯಾಕೆ ಹೋಗುತ್ತೀರಿ? ನಿಮ್ಮ ಮನೆಯಿಂದಲೇ ನೇರ ದಾರಿ ಇದೆ. ಒಪ್ಪಾ, ಒನ್ನಿ ಎಂದು ಬಾಯ್ತುಂಬ ಕರೆಯುವವರು ಸ್ವಂತ ಅಕ್ಕನನ್ನು ‘ಸಿಸ್’ ಅನ್ನುವುದನ್ನು ಮೊದಲು ಬಿಡಿ!