ದಿನಕ್ಕೊಂದು ಫೋಟೊ: ಕ್ಷೇಮಸಮಾಚಾರವೋ, ಹಾಜರಿಯೋ?

ಕೊರೊನಾ ವರ್ಷದ ಆಶ್ವೀಜದಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಚದುರಿದ್ದ ಒಂದೇ ಬಳಗ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಒಂದು ಫೋಟೊ, ಕೆಳಗೆ ಮಳೆ-ಬೆಳೆಯ ಎರಡು ಮಾತು ಹಾಕುತ್ತಿತ್ತು. ಅದರಿಂದ ಒಳ್ಳೆಯದಾಯಿತೇ? ಬಳಗದ ಅಕ್ಕ-ತಮ್ಮ ಇಲ್ಲಿ ಎದುರುಬದುರು ಕೂತಿದ್ದಾರೆ.

ಪರ
ಅಕ್ಕ, ಚನ್ನಗಿರಿ

2020ರಲ್ಲಿ ಅಧಿಕ ಆಶ್ವೀಜ ಬಂದಿತ್ತು. ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 17ಕ್ಕೆ. ನವರಾತ್ರಿ ಮಾತ್ರ ಅಕ್ಟೋಬರ್ 17ಕ್ಕೆ. ನಡುವಿನ ತಿಂಗಳಲ್ಲಿ ಹಬ್ಬವಿಲ್ಲ, ಮದುವೆಯಿಲ್ಲ, ನೆಂಟರ ಬರವಿಲ್ಲ. ರಾಜ್ಯದಲ್ಲಿ ದಿನದ ಸೋಂಕು 10 ಸಾವಿರ ದಾಟಿದ್ದೂ ಆಗಲೇ. 65 ದಾಟಿದವರು ಹೊಸಿಲು ದಾಟಬೇಡಿ ಎನ್ನುತ್ತಿದ್ದರು. ಹೊನ್ನಾಳಿಯ ಸೋದರಮಾವನಿಗೆ 71. ಆ ಅಮಾವಾಸ್ಯೆಗೆ ನಾವ್ಯಾರೂ ತವರಿಗೆ ಹೋಗಲಿಲ್ಲ. ಹಿರಿಯರಿಗೆ ಇಟ್ಟ ಎಡೆಯ ಫೋಟೊ ತೆಗೆದು ಮಾವ ಗುಂಪಿಗೆ ಹಾಕಿದರು. ಶುರುವಾದದ್ದು ಹಾಗೆ.

ಮಾರನೇ ದಿನದಿಂದ ತುಂಗಭದ್ರೆ. ಮಾಸ್ಕ್ ಹಾಕಿಕೊಂಡು ಬೆಳಕು ಹರಿಯುವ ಮುಂಚೆ, ಜನ ಬರುವ ಮುಂಚೆ, ಹೊಳೆಯ ಮೆಟ್ಟಿಲಿಗೆ ಹೋಗಿ ಬರುವರು. "ಹಸ್ತೆ ಹಿಡೀತು. ಆರನೇ ಮೆಟ್ಟಿಲು ಕಾಣ್ತಿಲ್ಲ." ಇಷ್ಟೇ ಬರಹ. ನ್ಯಾಮತಿಯ ಚಿಕ್ಕಮ್ಮ ಅಂಗಳದಲ್ಲಿ ಹರವಿದ ಮೆಕ್ಕೆಜೋಳ ಹಾಕುವರು; ಮೋಡ ಕಂಡರೆ ಟಾರ್ಪಾಲು ಹೊದಿಸಿದ್ದು. ನಾನು ಮೊದಲು ಸೂಳೆಕೆರೆ ಹಾಕುತ್ತಿದ್ದೆ. (ಶಾಂತಿಸಾಗರ ಎಂದು ಬರೆದರೆ ಮಾವನಿಗೆ ಸಿಟ್ಟು. ಹೆಸರು ತಿದ್ದಿದರೆ ನೀರು ಹೆಚ್ಚು ಬರುತ್ತದೇನೇ, ಎನ್ನುವರು.) ಆಮೇಲೆ ಅಡಿಕೆ ಮನೆಗೆ ಬಂದೆ. ಕೊಯ್ಲಿನ ದಿನಗಳು. ಸುಲಿಯುವ ಹೆಂಗಸರ ಬೆರಳೆಲ್ಲ ಕಪ್ಪು, ಹಂಡೆಯಲ್ಲಿ ಚೊಗರು ಕುದಿಯುತ್ತಿದ್ದರೆ ನೊರೆಗೂ ಕೆಂಪು ಹತ್ತುತ್ತದೆ. ಮೂವತ್ತು ವರ್ಷದಿಂದ ಅಡಿಕೆ ಬೇಯಿಸುವ ಮನೆಯವಳು ನಾನು, ಆ ನೊರೆಯನ್ನು ಸರಿಯಾಗಿ ನೋಡಿದ್ದು ಫೋಟೊಗೆಂದು ಬಗ್ಗಿದಾಗಲೇ.

ಮೆರೆಯಲಿಕ್ಕೆ ಹಾಕುತ್ತಾರೆ ಎಂದವರಿದ್ದರು. ಚೊಗರಿನ ಹಂಡೆ ತೋರಿಸಿ ಯಾರು ಮೆರೆಯುತ್ತಾರೆ? ಫೋನ್ ಮಾಡಬಹುದಿತ್ತಲ್ಲ ಎಂಬ ಮಾತೂ ಬಂತು. ಮಾಡಿ ನೋಡಿದ್ದೆವು. ಯಾವ ಮಾತು ಎತ್ತಿದರೂ ಕೊರೊನಾಕ್ಕೇ ಬಂದು ನಿಲ್ಲುತ್ತಿತ್ತು: ಯಾರಿಗೆ ಬಂತು, ಯಾರು ಹೋದರು, ಎಲ್ಲಿ ಬೆಡ್ ಇಲ್ಲ. ಫೋಟೊದ ಕೆಳಗೆ ಮಾತ್ರ ಮಳೆ ನಕ್ಷತ್ರದ ಮಾತು ಉಳಿದಿತ್ತು.

ಮಾವನ ವಿಷಯವನ್ನು ತಮ್ಮ ಎತ್ತೇ ಎತ್ತುತ್ತಾನೆ. ಎತ್ತಲಿ. ಆಯುಧಪೂಜೆಯ ದಿನ ಅವರನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಗೇಟಿನಿಂದಾಚೆ ನಮ್ಮನ್ನು ಬಿಡಲಿಲ್ಲ. ಅಕ್ಟೋಬರ್ 31ಕ್ಕೆ ಭೂಮಿ ಹುಣ್ಣಿಮೆ. 1ನೇ ತಾರೀಖಿಗೇ ಒಂದು ಹುಣ್ಣಿಮೆ ಮುಗಿದಿದ್ದರಿಂದ ಆ ತಿಂಗಳಿಗೆ ಅದು ಎರಡನೆಯದು. ತೋಟದಲ್ಲಿ ಭೂಮ್ತಾಯಿಯ ಬಯಕೆಗೆಂದು ಎಡೆ ಇಟ್ಟು, ಮರದ ಬುಡದ ಫೋಟೊ ಅವರ ನಂಬರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ನೀಲಿ ಗೀಟು ಎರಡೂ ಬಿದ್ದವು. ನಮಗೆ ಬಾಗಿಲು ತೆರೆಯದ ವಾರ್ಡಿಗೆ ನಮ್ಮ ತೋಟ ಹೋಗಿತ್ತು. ನನಗೆ ಅಷ್ಟು ಸಾಕು.

ವಿರೋಧ
ತಮ್ಮ, ಜಗಳೂರು

ಅಕ್ಕಾ, ನೀನು ಬರೆದದ್ದು ಓದಿ ಅರ್ಧ ದಿನ ಸುಮ್ಮನಿದ್ದೆ. ಆದರೂ ಒಪ್ಪಲಾರೆ.

ಆ ಮಾರ್ಚ್ ಕೊನೆಯಲ್ಲಿ ನಮ್ಮ ಸರ್ಕಾರ, ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂದಿತ್ತು ನೆನಪಿದೆಯಾ? ನಮ್ಮ ಗುಂಪೂ ಕೊನೆಗೆ ಅದೇ ಆಯಿತು. ಎಂಟು ಗಂಟೆಗೆ ಫೋಟೊ ಬೀಳದಿದ್ದರೆ "ಯಾಕೋ, ಇನ್ನೂ ಹಾಕಿಲ್ಲ?" ಎಂದು ಚಿಕ್ಕಮ್ಮ. ನಾನಂತೂ ಭಾನುವಾರ ಒಟ್ಟಿಗೆ ಆರು ತೆಗೆದಿಟ್ಟುಕೊಂಡು ದಿನಕ್ಕೊಂದರಂತೆ ಬಿಟ್ಟಿದ್ದೇನೆ. ಮೇಷ್ಟ್ರ ಕೆಲಸದವನು, ಹಾಜರಿ ಪುಸ್ತಕ ತುಂಬುವ ವಿದ್ಯೆ ಯಾರಿಂದಲೂ ಕಲಿಯಬೇಕಿಲ್ಲ.

ಇನ್ನು ನಮ್ಮ ಜಗಳೂರು. ಸೆಪ್ಟೆಂಬರ್ 14ಕ್ಕೆ ಕೇಂದ್ರ ಈರುಳ್ಳಿ ರಫ್ತು ನಿಲ್ಲಿಸಿತು. ಆಮೇಲೆ ಬಿಡದೆ ಮಳೆ. ಅಕ್ಟೋಬರಲ್ಲಿ ಪೇಟೆಯ ಬೆಲೆ ಏರುವಾಗ ನಮ್ಮ ಪಕ್ಕದ ಹೊಲದಲ್ಲಿ ಗಡ್ಡೆ ಮಣ್ಣೊಳಗೇ ಕೊಳೆತಿತ್ತು. ಕಿತ್ತರೆ ಕೈಗೆ ಸೊಪ್ಪಷ್ಟೇ ಬರುತ್ತಿತ್ತು. ಆ ನಾತ ಮೂಗಿಗೆ ಹೊಡೆಯುತ್ತಿರುವಾಗ ನಾನು ಅದೇ ಹೊಲದ ಬದುವಿನಲ್ಲಿದ್ದ ಅಣ್ಣೆಹೂವಿನ ಫೋಟೊ ತೆಗೆದು ಹಾಕಿದೆ. ನೀವೆಲ್ಲ ಕೈಮುಗಿದ ಎಮೋಜಿ ಒತ್ತಿದಿರಿ. ಇವತ್ತಿಗೂ ನಾಚಿಕೆಯಾಗುತ್ತದೆ. ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುತ್ತಿದ್ದ ವಿದ್ಯಾಗಮವೂ ಅದೇ ತಿಂಗಳು ನಿಂತಿತು. ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿದ್ದ ಮಕ್ಕಳಿಗೆ ಪಾಠ ಮುಟ್ಟಿಸಲು ನಾವು ಹಟ್ಟಿ ಹಟ್ಟಿಗೂ ದಾರಿ ಯೋಚಿಸುತ್ತಿದ್ದಾಗ, ನನ್ನ ಡೇಟಾ ಹೊಳೆ, ಕೆರೆ, ಕಣ ನೋಡಿ ಮುಗಿಯುತ್ತಿತ್ತು.

ಈಗ ಮಾವ. ಗುಂಪಿನಲ್ಲಿ ಅವರ ಫೋಟೊ 38 ಇವೆ, ಸೆಪ್ಟೆಂಬರ್ 17ರಿಂದ ಅಕ್ಟೋಬರ್ 24ರವರೆಗೆ. ಮೊದಲನೆಯದು ಎಡೆ, ಮಿಕ್ಕ 37 ಹೊಳೆ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ರಾತ್ರಿ ಕೂತು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ಕೊನೆಯ ಐದು ಆಯಾ ದಿನದವಲ್ಲ. ಐದರಲ್ಲೂ ನೀರು ಅದೇ ಮೆಟ್ಟಿಲಿಗಿದೆ, ಐದರಲ್ಲೂ ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ ಅದೇ ಮೂಲೆಯಲ್ಲಿದೆ. ಮೊದಲೇ ತೆಗೆದಿಟ್ಟವು. ಜ್ವರದಲ್ಲಿ ಮಲಗಿದ್ದ ಐದು ದಿನವೂ ನಾವು ಗಾಬರಿಯಾಗಬಾರದೆಂದು ಅವನ್ನೇ ಹಾಕಿ, "ಚಿತ್ತೆ ಜೋರಿದೆ" ಎಂದು ಬರೆದಿದ್ದಾರೆ. ನಾವು ನೀರು ನೋಡಿ ನೆಮ್ಮದಿಯಾಗಿದ್ದೆವು. ಫೋನ್ ಮಾಡಿದ್ದರೆ ಕೆಮ್ಮು ಕೇಳುತ್ತಿತ್ತು, ಅಕ್ಕ. ಕೊರೊನಾ ಮಾತೇ ಬರುತ್ತಿತ್ತು ನಿಜ, ಬರಬೇಕಿತ್ತು.

ನೀಲಿ ಗೀಟು ಬಿದ್ದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಹೊತ್ತಿಗೆ ಫೋನು ಯಾರ ಕೈಲಿತ್ತು ಎಂದು ನೀನೂ ಕೇಳಿಲ್ಲ, ನಾನೂ ಕೇಳಿಲ್ಲ.

38 ಫೋಟೊಗಳಲ್ಲಿ ಒಂದರಲ್ಲೂ ಮಾವನ ಮುಖವಿಲ್ಲ. ಹೊನ್ನಾಳಿಯ ನಡುಮನೆಯಲ್ಲಿ ಈಗ ಹಾರ ಹಾಕಿರುವುದು ಆಧಾರ್ ಕಾರ್ಡಿನ ಫೋಟೊಗೆ, ಸ್ಟುಡಿಯೋದಲ್ಲಿ ಹಿಗ್ಗಿಸಿದ್ದು.