ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಹತ್ತಿ



ನಮ್ಮ ರಬಕವಿಯಲ್ಲಿ ಕೋಳಿಗಿಂತ ಮೊದಲು ಮಗ್ಗಗಳು ಕೂಗುತ್ತವೆ. ನಮ್ಮ ಮನೆಯ ಪಡಸಾಲೆಯ ಆಚೆಗೇ ನಾಲ್ಕು ಪಾವರಲೂಮುಗಳಿವೆ, ಸೀರೆ ನೇಯುತ್ತೇವೆ. ಆ ಖಟಪಟ ಸದ್ದಿಗೆ ನಮ್ಮ ಕಿವಿ ಎಷ್ಟು ಒಗ್ಗಿದೆ ಎಂದರೆ, ಮಗ್ಗ ನಡೆದಾಗ ನಿದ್ದೆ, ನಿಂತಾಗ ಎಚ್ಚರ!

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಆ ನಿಶ್ಶಬ್ದದಲ್ಲಿ ಒಳಗಿನ ಕೋಣೆಯಿಂದ ‘ಗರ್ರ್’ ಎಂದು ಒಂದು ಸದ್ದು ಬಂತು. ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ತಿರುಗಿದ ಹಾಗೆ. ಕರೆಂಟೇ ಇಲ್ಲದಾಗ ಇದೇನು ತಿರುಗುತ್ತಿದೆ ಎಂದು ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ನೋಡಿದೆ. ಮಗಳು ಮಂಚದ ಮೇಲೆ ಕೌದಿ ಹಾಸಿಕೊಂಡು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಸದ್ದು ಅದರದೇ. ಮುಟ್ಟಿದರೆ ಹಂಚಿನಂತೆ ಸುಡುತ್ತಿತ್ತು.

“ಯಾವಾಗಿಂದ ಹಿಂಗ ಒದರಾಕತ್ತೇತಿ?” ಎಂದು ಕೇಳಿದೆ.

“ನಾಕು ತಿಂಗಳಾತವ್ವಾ,” ಎಂದಳು ತಲೆ ತಗ್ಗಿಸಿ.

ನಾನು ಬೆರಳು ಮಡಿಚಿ ಎಣಿಸಿದೆ. ಒಂದು ವರ್ಷದ ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಅಂದರೆ ಸದ್ದು ಶುರುವಾದಾಗ ವಾರಂಟಿ ಇನ್ನೂ ಎರಡು ತಿಂಗಳು ಉಳಿದಿತ್ತು! ನನಗೆ ಸಿಟ್ಟು ನೆತ್ತಿಗೇರಿತು. “ಆಗs ಯಾಕ ಹೇಳಲಿಲ್ಲ?” ಎಂದು ಜೋರು ಮಾಡಿದೆ.

ಅವಳು ಮೆಲ್ಲಗೆ ಅಂದಳು, “ತಂದ ದಿನಾನ ನೀ ಅಂದಿದ್ದಿ, ಇದಕ್ಕೇನರ ಆತಂದ್ರ ನನ್ನ ಮುಂದ ಬರಬ್ಯಾಡ ಅಂತ.”

ಹೌದು, ಅಂದಿದ್ದೆ. 38,000 ರೂಪಾಯಿಯ ವಸ್ತು. ನನ್ನ ಭಿಶಿಯ ದುಡ್ಡು, ನಮ್ಮವರು ಸೀರೆ ವ್ಯಾಪಾರಿಯ ಹತ್ತಿರ ತಂದ ಮುಂಗಡ, ಎರಡೂ ಅದರಲ್ಲಿದ್ದವು. ಮಗಳು ಬಿ.ಕಾಂ. ಓದುತ್ತಾಳೆ, ಜೊತೆಗೆ ಒಬ್ಬ ವ್ಯಾಪಾರಿಯ ಬಿಲ್ಲು-ಲೆಕ್ಕ ಬರೆದುಕೊಟ್ಟು ತಿಂಗಳಿಗೆ 3,000 ರೂಪಾಯಿ ತರುತ್ತಾಳೆ. ಅವಳ ಓದಿನ ಖರ್ಚೆಲ್ಲ ಅದರಲ್ಲೇ ನಡೆಯಬೇಕು. ಆ ಯಂತ್ರ ನಿಂತರೆ ಅವಳ ಕೈಯೂ ನಿಲ್ಲುತ್ತದೆ. ಆಗಲೇ ಎರಡು ಸಲ ಲೆಕ್ಕದ ಮಧ್ಯದಲ್ಲಿ ತಾನಾಗಿ ಬಂದ್ ಆಗಿತ್ತಂತೆ. ರಾತ್ರಿಯೆಲ್ಲ ಕೂತು ಮತ್ತೆ ಬರೆದಿದ್ದಳಂತೆ, ನನಗೆ ಗೊತ್ತಾಗದ ಹಾಗೆ.

ಮರುದಿನ ನಮ್ಮವರೂ ಮಗಳೂ ಬಸ್ಸು ಹತ್ತಿ ದೊಡ್ಡ ಊರಿನ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರು. ಅಲ್ಲಿ ಒಳಗೆ ಒಯ್ದು ಒಂದು ತಾಸಿನ ಮೇಲೆ ಹೊರಗೆ ತಂದು, “ಫ್ಯಾನ್ ಹೋಗಿದೆ, ಅದೊಂದನ್ನೇ ಹಾಕಲು ಬರುವುದಿಲ್ಲ, ಇಡೀ ತಂಪು ಮಾಡುವ ಭಾಗವೇ ಬದಲಾಗಬೇಕು, 7,200 ಆಗುತ್ತದೆ” ಎಂದರಂತೆ. “ಇಷ್ಟು ಹಾಕುವ ಬದಲು ಎಕ್ಸ್‌ಚೇಂಜಿನಲ್ಲಿ ಹೊಸದು ತೊಗೊಳ್ರಿ” ಎಂಬ ಉಪದೇಶ ಬೇರೆ. ಬರೀ ನೋಡಿದ್ದಕ್ಕೆ 500, ಮೇಲೆ ತೆರಿಗೆ ಸೇರಿ 590 ರೂಪಾಯಿ ಕೊಟ್ಟು ಇಬ್ಬರೂ ಬರಿಗೈಲಿ ತಿರುಗಿ ಬಂದರು. ನಮ್ಮವರು ಬಂದವರೇ “ಮಾರಿ ಬಿಡೋಣ” ಎಂದರು. ಮಗಳು ಊಟ ಬಿಟ್ಟು ಮಲಗಿದಳು.

ಇಲ್ಲಿಗೆ ನಮ್ಮ ಕಥೆ ಮುಗಿಯುತ್ತಿತ್ತು. ಆದರೆ ಅದೇ ಸಂಜೆ ಮಗ್ಗ ರಿಪೇರಿಗೆ ಜಾಬರ್ ಕಾಕಾ ಬಂದಿದ್ದರು. ಅರವತ್ತು ದಾಟಿದ ಹಿರಿಯರು, ಅಕ್ಷರ ಕಲಿತದ್ದು ಕಡಿಮೆ. ನಾನು ಸುಸಲಾ, ಚಹಾ ಕೊಡುತ್ತ ಮನಸ್ಸಿನ ಬೇಗುದಿ ಹೇಳಿಕೊಂಡೆ. ಅವರು ಲ್ಯಾಪ್‌ಟಾಪನ್ನು ಕಿವಿಗೆ ಹಿಡಿದು, ಮಗ್ಗದ ಮೋಟಾರು ಕೇಳಿದ ಹಾಗೆ ಕೇಳಿದರು. ನಕ್ಕು ಅಂದರು:

“ತಂಗೆವ್ವಾ, ಇದು ಬೇರಿಂಗಿನ ಸಪ್ಪಳ. ಒಳಗ ಹತ್ತಿ ಕುಂತೈತಿ. ನಮ್ಮ ಮೋಟಾರಿಗೂ ಕೂಡೂದಿಲ್ಲೇನು? ಹಂಗs. ಬಿಚ್ಚಿ ನೋಡಸ್ರಿ, ಆಮ್ಯಾಲ ಮಾರೂದು.”

ಮರುದಿನ ನಾನೇ ಮಗಳನ್ನು ಕರೆದುಕೊಂಡು ಬನಹಟ್ಟಿಯ ಒಂದು ಸಣ್ಣ ಕಂಪ್ಯೂಟರ್ ಅಂಗಡಿಗೆ ಹೋದೆ. “ನಮ್ಮ ಕಣ್ಣ ಮುಂದ ಬಿಚ್ಚಬೇಕು ನೋಡಪಾ” ಎಂದು ಹುಡುಗನಿಗೆ ಮೊದಲೇ ಹೇಳಿದೆ. ಅವನು ತಳದ ಸ್ಕ್ರೂ ತೆಗೆದು ಮುಚ್ಚಳ ಎತ್ತಿದ. ಸೋದರಿಯರೇ, ಏನು ಹೇಳಲಿ! ಫ್ಯಾನಿನ ಬಾಯಿಗೆ ಅಡ್ಡಲಾಗಿ ಬೆರಳು ಗಾತ್ರದ ಹತ್ತಿಯ ಪಟ್ಟಿ ಕೂತಿತ್ತು. ಹಾಸಿಗೆಗೆ ತುಂಬಿದ ಹತ್ತಿಯಂತೆ ಒತ್ತಾಗಿ. ಚಿಮಟದಿಂದ ಎಳೆದರೆ ಪದರು ಪದರಾಗಿ ಬಂತು: ಒಂದು ಪದರು ಕೆಂಪು, ಒಂದು ಹಸಿರು, ಒಂದು ನೀಲಿ. ದೀಪಾವಳಿಗೆ ನೇಯ್ದ ಕೆಂಪು ಸೀರೆ, ಸಂಕ್ರಮಣದ ಹಸಿರು, ಆಮೇಲಿನ ನೀಲಿ, ಒಂದು ವರ್ಷದ ನಮ್ಮ ನೇಯ್ಗೆಯೆಲ್ಲ ಆ ಯಂತ್ರದ ಹೊಟ್ಟೆಯಲ್ಲಿತ್ತು!

ಫ್ಯಾನಿನ ಬೇರಿಂಗೂ ಸವೆದಿತ್ತು. ಅದೇ ಮಾದರಿಯ ಫ್ಯಾನನ್ನು ಆ ಹುಡುಗ ತರಿಸಿಕೊಟ್ಟ. ಫ್ಯಾನಿಗೆ 850, ಶಾಖ ದಾಟಿಸುವ ಪೇಸ್ಟು ಮತ್ತು ಕೂಲಿ ಸೇರಿ 350, ಒಟ್ಟು 1,200 ರೂಪಾಯಿ. ಅದು ಕಂಪನಿಯ ಅಸಲು ಮಾಲಲ್ಲ ಎಂಬುದನ್ನೂ ಅವನು ಮುಚ್ಚಿಡಲಿಲ್ಲ, ಮೂರು ತಿಂಗಳ ಗ್ಯಾರಂಟಿ ಎಂದು ಚೀಟಿಯ ಮೇಲೆ ಬರೆದುಕೊಟ್ಟ. ಎಂಟು ತಿಂಗಳಾಯಿತು, ಸುಮ್ಮನೆ ತಿರುಗುತ್ತಿದೆ.

ಈಗ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಮಗ್ಗದ ಮನೆಯಷ್ಟೇ ಅಲ್ಲ, ಹಿಟ್ಟಿನ ಗಿರಣಿಯ ಹತ್ತಿರದವರಿಗೂ, ಕಣದ ಧೂಳು ಬರುವ ಮನೆಯವರಿಗೂ ಇದು ಬೇಕಾಗುತ್ತದೆ.

ಸದ್ದು ಏಕೆ ಬರುತ್ತದೆ?

ಲ್ಯಾಪ್‌ಟಾಪಿನ ಮಿದುಳಾದ ಪ್ರೊಸೆಸರು ಕೆಲಸ ಮಾಡುವಾಗ ಕಾಯುತ್ತದೆ. ಆ ಕಾವನ್ನು ತಾಮ್ರದ ನಳಿಕೆ ಅಂಚಿಗೆ ಒಯ್ಯುತ್ತದೆ. ಅಂಚಿನಲ್ಲಿ ಹಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ತೆಳು ತಗಡುಗಳಿವೆ. ಫ್ಯಾನು ಹೆಚ್ಚಾಗಿ ತಳದಿಂದ ಗಾಳಿ ಎಳೆದು ಈ ತಗಡುಗಳ ಸಂದಿನಿಂದ ಹೊರಗೆ ಊದುತ್ತದೆ. ಆ ಸಂದಿನಲ್ಲಿ ಧೂಳು ಕೂತರೆ ಗಾಳಿ ಹೊರಗೆ ಹೋಗುವುದಿಲ್ಲ, ಕಾವು ಇಳಿಯುವುದಿಲ್ಲ. ಆಗ ಫ್ಯಾನು ಇನ್ನೂ ಜೋರಾಗಿ ತಿರುಗುತ್ತದೆ. ಪ್ರೊಸೆಸರು ಸುಮಾರು 100 ಡಿಗ್ರಿಯ ಹತ್ತಿರ ಹೋದರೆ ತಾನೇ ನಿಧಾನವಾಗುತ್ತದೆ. ಅದಕ್ಕೂ ತಗ್ಗದಿದ್ದರೆ ಸುಟ್ಟುಹೋಗಬಾರದೆಂದು ಯಂತ್ರವೇ ಬಂದ್ ಆಗುತ್ತದೆ. ನನ್ನ ಮಗಳ ಲೆಕ್ಕ ಎರಡು ಸಲ ಹೋದದ್ದು ಇದೇ ಕಾರಣಕ್ಕೆ.

ಸದ್ದಿನಲ್ಲೂ ಭೇದವಿದೆ. ಬರೀ ಗಾಳಿಯ ‘ಹುಸ್ಸ್’ ಸದ್ದಾದರೆ ಧೂಳು ಅಥವಾ ಹೆಚ್ಚಿನ ಕೆಲಸ. ‘ಗರಗರ’, ‘ಕಿರ್ರ್’ ಎಂದರೆ ಬೇರಿಂಗು ಸವೆದಿದೆ. ‘ಟಿಕ್ ಟಿಕ್’ ಎಂದರೆ ರೆಕ್ಕೆಗೆ ಏನೋ ತಾಗುತ್ತಿದೆ.

ಮನೆಯಲ್ಲಿ ಮಾಡುವುದು

1. ಕೌದಿ, ಹಾಸಿಗೆ, ದಿಂಬಿನ ಮೇಲೆ ಇಡಬೇಡಿ. ತಳದ ಗಾಳಿಯ ಕಿಂಡಿ ಮುಚ್ಚಿಹೋಗುತ್ತದೆ. ಮಣೆ ಅಥವಾ ಹಲಗೆಯ ಮೇಲಿಡಿ. ರೊಟ್ಟಿ ಬಡಿಯುವ ನನ್ನ ಹಳೆಯ ಮಣೆಯೊಂದು ಈಗ ಆ ಕೆಲಸಕ್ಕೆ ಸೇರಿದೆ.

2. ಕೆಲಸ ಮುಗಿದ ಮೇಲೆ ಪೂರ್ತಿ ಬಂದ್ ಮಾಡಿ, ತಣ್ಣಗಾದ ಮೇಲೆ ತೆಳು ಬಟ್ಟೆಯ ಚೀಲದಲ್ಲಿಡಿ. ಚಾಲೂ ಇದ್ದಾಗ ಮಾತ್ರ ಎಂದೂ ಮುಚ್ಚಬೇಡಿ.

3. ತಿಂಗಳಿಗೊಮ್ಮೆ ಬಂದ್ ಮಾಡಿ, ಚಾರ್ಜರು ಕಿತ್ತು, ಮೆತ್ತನೆಯ ಒಣ ಬ್ರಶ್ಶಿನಿಂದ ಕಿಂಡಿ ಒರೆಸಿ. ಒದ್ದೆ ಬಟ್ಟೆ ಬೇಡ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ.

4. ಮಗ್ಗ ಒರೆಸುವ ದೊಡ್ಡ ಗಾಳಿಯಂತ್ರವನ್ನು ನೇರವಾಗಿ ಹಿಡಿಯಬೇಡಿ. ಫ್ಯಾನು ಮಿತಿ ಮೀರಿ ತಿರುಗಿ ಬೇರಿಂಗು ಹಾಳಾಗುತ್ತದೆ. ಬಿಚ್ಚಿ ಊದುವವರೂ ರೆಕ್ಕೆಯನ್ನು ಕಡ್ಡಿಯಿಂದ ತಡೆದುಹಿಡಿದೇ ಊದಬೇಕು.

5. ಕೊಬ್ಬರಿ ಎಣ್ಣೆ, ಹೊಲಿಗೆಯಂತ್ರದ ಎಣ್ಣೆ ಬಿಡುವ ಆಸೆ ಬೇಡ. ನನಗೂ ಬಂದಿತ್ತು! ಎಣ್ಣೆಗೆ ಧೂಳು ಅಂಟಿ ಗಟ್ಟಿಯಾಗುತ್ತದೆ.

6. ತಳ ಉಬ್ಬಿದೆ, ಅಥವಾ ಮುಚ್ಚಳ ಸರಿಯಾಗಿ ಕೂಡುತ್ತಿಲ್ಲ ಎಂದರೆ ಬ್ಯಾಟರಿ ಉಬ್ಬಿರಬಹುದು. ಚಾರ್ಜಿಗೆ ಹಚ್ಚದೆ ಕೂಡಲೇ ತಿಳಿದವರಿಗೆ ತೋರಿಸಿ. ಅದು ಬೆಂಕಿಯ ಜೊತೆಯ ಆಟ.

ಬಿಚ್ಚುವ ಕೆಲಸ ನಮ್ಮದಲ್ಲ. ಬಲ್ಲವರು ಬಿಚ್ಚುವಾಗ ಮೊದಲು ಬ್ಯಾಟರಿಯ ತಂತಿ ಕಳಚುತ್ತಾರೋ ಇಲ್ಲವೋ ಅಷ್ಟು ನೋಡಿಕೊಳ್ಳಿ. ನಮ್ಮಂಥ ಊರಿನಲ್ಲಿ ವರ್ಷಕ್ಕೆ ಎರಡು ಸಲ ಒಳಗಿನಿಂದ ಸ್ವಚ್ಛ ಮಾಡಿಸುವುದು ಒಳ್ಳೆಯದು.

ವಾರಂಟಿಯ ಲೆಕ್ಕ

ಸದ್ದು ಕೇಳಿದ ದಿನವೇ ವಾರಂಟಿಯ ತಾರೀಖು ನೋಡಿ. ತಳದಲ್ಲಿರುವ ಸೀರಿಯಲ್ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿದರೆ ತಾರೀಖು ಸಿಗುತ್ತದೆ. ಅಲ್ಲಿ ತಪ್ಪು ತಾರೀಖು ಇದ್ದರೆ ಅಂಗಡಿಯ ಬಿಲ್ಲು ತೋರಿಸಿ ಸರಿಪಡಿಸಿಕೊಳ್ಳಿ. ಬಿಲ್ಲಿನ ಅಕ್ಷರ ಮಾಸಿಹೋಗುವುದುಂಟು, ತಂದ ದಿನವೇ ಝೆರಾಕ್ಸ್ ಮಾಡಿ ಅಕ್ಕಿ ಡಬ್ಬಿಯ ಹತ್ತಿರವಾದರೂ ಸರಿ, ನೆನಪಿರುವ ಜಾಗದಲ್ಲಿ ಇಡಿ. ವಾರಂಟಿ ಮುಗಿಯುವ ಒಂದು ತಿಂಗಳ ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯವರನ್ನೆಲ್ಲ ಕರೆದು “ಏನಾದರೂ ದೂರು ಐತೇನು?” ಎಂದು ಕೇಳಿ. ಫ್ಯಾನು ತಾನಾಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯಲ್ಲಿ ಬರುತ್ತದೆ. ನೀರು ಬಿದ್ದದ್ದು, ಕೆಳಗೆ ಬಿದ್ದು ಒಡೆದದ್ದು ಬರುವುದಿಲ್ಲ. ಧೂಳಿನ ವಿಷಯದಲ್ಲಿ ವಾದ ಮಾಡುವವರೂ ಇದ್ದಾರೆ. ಆದರೂ ಕೇಳಿದರೆ ಕಳೆದುಕೊಳ್ಳುವುದೇನಿಲ್ಲ.

ವಾರಂಟಿ ಮುಗಿದ ಮೇಲೆ ರಿಪೇರಿಗೆ ಕೊಡುವಾಗ ನಾಲ್ಕು ಪ್ರಶ್ನೆ ಕೇಳಿ: ನೋಡಲು ಎಷ್ಟು? ಯಾವ ಭಾಗ, ಅದಕ್ಕೆಷ್ಟು, ಕೂಲಿ ಎಷ್ಟು? ಹಳೆಯ ಭಾಗ ನಮಗೆ ಕೊಡುತ್ತೀರಾ? ಹಾಕಿದ್ದಕ್ಕೆ ಎಷ್ಟು ದಿನ ಗ್ಯಾರಂಟಿ? ಉತ್ತರ ಕಾಗದದ ಮೇಲೆ ಬೇಕು. ಖರ್ಚು ಹೊಸದರ ಅರ್ಧ ಬೆಲೆಗೆ ಬಂದರೆ ಎರಡು ಸಲ ಯೋಚಿಸಿ. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಮಾರುವ ಮಾತು ಬೇಡ. ಕೊಡುವ ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದನ್ನು ಮರೆಯಬೇಡಿ.

ರಿಪೇರಿ ತುಟ್ಟಿಯಾಯಿತು ಎಂಬುದಷ್ಟೇ ಕಾನೂನಿನ ದೂರಾಗುವುದಿಲ್ಲ. ಆದರೆ ಹೇಳದೆ ಹಣ ಏರಿಸಿದರೆ, ಹಾಕದ ಭಾಗಕ್ಕೆ ಬಿಲ್ಲು ಮಾಡಿದರೆ, ವಾರಂಟಿ ಇದ್ದೂ ಅಲೆಸಿದರೆ ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ಅದರಿಂದ ಬಗೆಹರಿಯದಿದ್ದರೆ ನಮ್ಮ ಜಿಲ್ಲೆಯವರಿಗೆ ಬಾಗಲಕೋಟೆಯಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

ಇನ್ನೊಂದು ಸಂತೋಷದ ಮಾತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ‘ರಿಪೇರಿಯ ಹಕ್ಕು’ ಎಂಬ ತಾಣ ತೆರೆದಿದೆ. ಅದಕ್ಕೆ ಸೇರಿದ ಕಂಪನಿಗಳ ರಿಪೇರಿ, ಬಿಡಿಭಾಗ, ವಾರಂಟಿಯ ವಿವರ ಒಂದೇ ಕಡೆ ಸಿಗಲಿ ಎಂಬುದು ಉದ್ದೇಶ. ಫ್ರಾನ್ಸಿನಲ್ಲಂತೂ 2021ರಿಂದ ಲ್ಯಾಪ್‌ಟಾಪ್ ಮಾರುವಾಗಲೇ ಅದು ರಿಪೇರಿಗೆ ಎಷ್ಟು ಸುಲಭ ಎಂದು 10ಕ್ಕೆ ಇಷ್ಟು ಅಂಕ ಎಂದು ತೋರಿಸಬೇಕು. ನಾವೂ ಕೊಳ್ಳುವಾಗ ಬಣ್ಣ, ಬೆಲೆಯ ಜೊತೆಗೆ “ಫ್ಯಾನ್ ಒಂದೇ ಬದಲಿಸಲು ಬರುತ್ತದೆಯೇ?” ಎಂದು ಕೇಳೋಣ. ಹತ್ತು ಜನ ಕೇಳಿದರೆ ಅಂಗಡಿಯವನು ಉತ್ತರ ಕಲಿತುಕೊಳ್ಳುತ್ತಾನೆ.

ಕೊನೆಗೆ ನನ್ನ ತಪ್ಪು. ಬಳೆ ಒಡೆದರೆ, ಲೋಟ ಬಿದ್ದರೆ ಮಕ್ಕಳಿಗೆ ಬೈಯುವುದು ನಮಗೆ ರೂಢಿ. ವಸ್ತು ತುಟ್ಟಿಯಾದಷ್ಟೂ ಬೈಗುಳ ಜಾಸ್ತಿ. ಆ ಹೆದರಿಕೆಗೆ ಮಗು ಸದ್ದನ್ನು ಮುಚ್ಚಿಡುತ್ತದೆ. ಇವತ್ತು ಲ್ಯಾಪ್‌ಟಾಪಿನ ಸದ್ದು ಮುಚ್ಚಿಟ್ಟವಳು ನಾಳೆ ತನ್ನ ಮನಸ್ಸಿನ ಸದ್ದನ್ನೂ ಮುಚ್ಚಿಟ್ಟರೆ? ಅದಕ್ಕೆ ಯಾವ ಅಂಗಡಿಯಲ್ಲಿ ರಿಪೇರಿ? ಆ ರಾತ್ರಿ ನಾನು ಮಗಳ ಹತ್ತಿರ ಕೂತು, “ಇನ್ನ ಮ್ಯಾಲ ಏನs ಕೆಡಲಿ, ಮೊದಲ ನನಗ ಹೇಳವಾ. ಬೈಯೂದಿಲ್ಲ” ಎಂದೆ. ಅವಳು ನಕ್ಕು, “ಸ್ವಲ್ಪರ ಬೈತಿ ಬಿಡವ್ವಾ” ಎಂದಳು.

ಹೌದು, ಸ್ವಲ್ಪ ಬೈಯುತ್ತೇನೆ. ಆದರೆ ಅವಳು ಹೇಳುತ್ತಾಳೆ. ಹೋದ ವಾರ ತಾನಾಗಿ ಬಂದು, “ಅವ್ವಾ, ಮಿಕ್ಸರು ಬ್ಯಾರೆ ಸಪ್ಪಳ ಮಾಡಾಕತ್ತೇತಿ” ಎಂದಳು. ವಾರಂಟಿ ನೋಡಿದೆ. ಇನ್ನೂ ಹನ್ನೊಂದು ದಿನ ಉಳಿದಿತ್ತು!

ನಿಮ್ಮ ಮನೆಯ ಯಂತ್ರಗಳ ಅನುಭವವನ್ನೂ ಬರೆದು ತಿಳಿಸಿ. ಮುಂದಿನ ಪಕ್ಷ ಮತ್ತೆ ಭೇಟಿಯಾಗೋಣ.